ಪಕ್ಕದ ಸೈಟಿನ ಪಾಪ

777. ಯಾವ ಫೈಲಿನ ಎದುರು ಈ ಸಂಖ್ಯೆ ಕಂಡರೂ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಲಿನಕ್ಸ್ ಸರ್ವರಿನಲ್ಲಿ ಪ್ರತಿ ಫೈಲಿಗೂ ಮೂರು ಅಂಕಿಯ ಅನುಮತಿ ಇರುತ್ತದೆ. ಮೊದಲ ಅಂಕಿ ಫೈಲಿನ ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಸಮಸ್ತರಿಗೆ. ಓದಲು 4, ಬರೆಯಲು 2, ಓಡಿಸಲು 1. ಮೂರನ್ನೂ ಕೂಡಿದರೆ 7. ಅಲ್ಲಿಗೆ 777 ಎಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು. ಈ ಸಮಸ್ತರು ಎಂದರೆ ಅಂತರ್ಜಾಲದಲ್ಲಿರುವ ಎಲ್ಲರೂ ಅಲ್ಲ, ಅದೇ ಯಂತ್ರದಲ್ಲಿ ಖಾತೆ ಇರುವ ಎಲ್ಲರೂ. ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಹಾಗೆ ಒಟ್ಟಿಗೆ ಇರುವವರು ನೂರಾರು ಜನ. ಒಬ್ಬರಿಗೊಬ್ಬರು ಪರಿಚಯವಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಗೊತ್ತಿಲ್ಲ.

ಬೆಂಗಳೂರಿನ ಒಂದು ವೆಬ್ ಹೋಸ್ಟಿಂಗ್ ಕಂಪನಿಯಲ್ಲಿ ನಾನು ಸರ್ವರ್ ಅಡ್ಮಿನ್. ಊರಿನ ಕಲ್ಯಾಣ ಮಂಟಪಕ್ಕೋ, ಸಕಲೇಶಪುರದ ಕಡೆಯ ಹೋಂಸ್ಟೇಗೋ, ಯಾವುದೋ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೋ ಒಂದು ವೆಬ್‌ಸೈಟ್ ಇದ್ದರೆ ಅದು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಇರಲೇಬೇಕಲ್ಲ. ಇಡೀ ಕಂಪ್ಯೂಟರನ್ನೇ ಬಾಡಿಗೆಗೆ ಹಿಡಿದರೆ ತಿಂಗಳಿಗೆ ಸಾವಿರಗಟ್ಟಲೆ ರೂಪಾಯಿ. ದಿನಕ್ಕೆ ಮೂವತ್ತು ನಲವತ್ತು ಜನ ನೋಡುವ ಸೈಟಿಗೆ ಅಷ್ಟು ಯಾರು ಕೊಡುತ್ತಾರೆ? ಅದಕ್ಕೇ ನಾವು ಒಂದೇ ಯಂತ್ರದಲ್ಲಿ ನೂರಾರು ಸೈಟು ಕೂರಿಸಿ ವರ್ಷಕ್ಕೆ ಎರಡು ಮೂರು ಸಾವಿರಕ್ಕೆ ಕೊಡುತ್ತೇವೆ. ಇದೇ ಶೇರ್ಡ್ ಹೋಸ್ಟಿಂಗ್. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಮಾನದಂಡ ಇದಕ್ಕೆ ದಾರಿ ಸಲೀಸು ಮಾಡಿತು: ಪುಟ ಕೇಳುವಾಗ ಬ್ರೌಸರು ಯಾವ ಸೈಟಿನ ಪುಟ ಎಂದೂ ಹೇಳಲೇಬೇಕು ಎಂದಿತು. ಆಮೇಲೆ ಒಂದೇ ಐಪಿ ವಿಳಾಸದ ಹಿಂದೆ ಎಷ್ಟು ಸೈಟು ಬೇಕಾದರೂ ಇರಬಹುದಾಯಿತು. ಹಳೆ ಬೆಂಗಳೂರಿನ ವಠಾರ ಇದ್ದ ಹಾಗೆ. ಮನೆ ಬೇರೆ ಬೇರೆ, ನಲ್ಲಿ ಒಂದೇ, ಬೀದಿ ಬಾಗಿಲು ಒಂದೇ. ರಾತ್ರಿ ಒಬ್ಬರು ಬಾಗಿಲು ಹಾಕುವುದು ಮರೆತರೆ ಕಳ್ಳ ಎಲ್ಲರ ಅಂಗಳಕ್ಕೂ ಬಂದ ಹಾಗೆಯೇ.

ಈಗ 777ರ ವಿಷಯ. ಬಹಳ ಕಾಲ ನಮ್ಮ ವೃತ್ತಿಯವರು ಇದನ್ನು ಗ್ರಾಹಕರ ಅಜ್ಞಾನ ಎಂದೇ ಬೈದುಕೊಂಡು ಓಡಾಡಿದರು. ನನಗೆ ಆ ಬೈಗುಳ ಒಪ್ಪಿಗೆಯಿಲ್ಲ. ಗ್ರಾಹಕರು 777 ಕೊಡುವಂತೆ ಮಾಡಿದ್ದು ನಾವು ಕಟ್ಟಿದ ಸರ್ವರುಗಳೇ.

ಹಳೆಯ ವ್ಯವಸ್ಥೆಯಲ್ಲಿ ಪಿಎಚ್‌ಪಿ ಎಂಬ ಭಾಷೆ ಅಪಾಚೆ ವೆಬ್ ಸರ್ವರಿನ ಹೊಟ್ಟೆಯೊಳಗೇ ಓಡುತ್ತಿತ್ತು. ಸರ್ವರು ಓಡುತ್ತಿದ್ದುದು ‘ನೋಬಡಿ’ ಎಂಬ ಒಂದೇ ಬಳಕೆದಾರನ ಹೆಸರಿನಲ್ಲಿ. ಹೋಂಸ್ಟೇಯವರ ಪಿಎಚ್‌ಪಿ, ಕಲ್ಯಾಣ ಮಂಟಪದ ಪಿಎಚ್‌ಪಿ, ಆಡಿಟರ್ ಆಫೀಸಿನ ಪಿಎಚ್‌ಪಿ ಎಲ್ಲವೂ ಯಂತ್ರದ ಕಣ್ಣಿಗೆ ಒಬ್ಬನೇ ನೋಬಡಿ. ಆದರೆ ಎಫ್‌ಟಿಪಿಯಲ್ಲಿ ಕಳಿಸಿದ ಫೈಲುಗಳ ಒಡೆಯ ಆಯಾ ಗ್ರಾಹಕ. ಹೋಂಸ್ಟೇಯವರು ಕೋಣೆಯ ಫೋಟೋ ಏರಿಸಲು ಹೋದರೆ ನೋಬಡಿಗೆ ಆ ಫೋಲ್ಡರಿನಲ್ಲಿ ಬರೆಯುವ ಹಕ್ಕಿಲ್ಲ, ಎರರ್. ಸೈಟು ಮಾಡಿಕೊಟ್ಟ ಹುಡುಗ ಸಂಜೆಯವರೆಗೆ ಒದ್ದಾಡಿ, ಯಾರೋ ಹೇಳಿದ್ದನ್ನು ಕೇಳಿ 777 ಹಾಕುತ್ತಾನೆ. ಫೋಟೋ ಏರುತ್ತದೆ, ಹುಡುಗ ದುಡ್ಡು ಇಸಿದುಕೊಂಡು ಮನೆಗೆ ಹೋಗುತ್ತಾನೆ. ಬೇರೆ ಏನು ಮಾಡಬೇಕಿತ್ತು ಅವನು?

ಬರೆಯುವ ಕಥೆ ಇದಾದರೆ ಓದುವ ಕಥೆ ಇನ್ನೂ ಕೆಟ್ಟದು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸೈಟುಗಳಲ್ಲಿ ಡಬ್ಲ್ಯುಪಿ-ಕಾನ್ಫಿಗ್ ಎಂಬ ಫೈಲಿದೆ. ಡೇಟಾಬೇಸಿನ ಪಾಸ್‌ವರ್ಡ್ ಅದರಲ್ಲಿ ಮುಚ್ಚುಮರೆಯಿಲ್ಲದ ಅಕ್ಷರದಲ್ಲಿ ಬರೆದಿರುತ್ತದೆ, ಯಾಕೆಂದರೆ ಸೈಟು ತಾನೇ ಅದನ್ನು ಓದಿಕೊಂಡು ಡೇಟಾಬೇಸಿಗೆ ಹೋಗಬೇಕು. ಓದುವವನು ನೋಬಡಿ. ಹಾಗಾದರೆ ನೋಬಡಿಗೆ ಓದಲು ಅನುಮತಿ ಬೇಕು. ಪಕ್ಕದ ಸೈಟಿನ ಪಿಎಚ್‌ಪಿಯೂ ನೋಬಡಿಯೇ ಆದ್ದರಿಂದ ಅದಕ್ಕೂ ಅನುಮತಿ ಸಿಕ್ಕಿತು. ಯಂತ್ರದಲ್ಲಿ ಒಂದೇ ಒಂದು ಸೈಟು ತೂತಾದರೆ ಸಾಕು, ಎಲ್ಲರ ಪಾಸ್‌ವರ್ಡೂ ಬೀದಿಗೆ ಬಂತು. ಇದರ ಜೊತೆಗೆ ಲಾಗಿನ್ ಆದವರ ಸೆಷನ್ ಫೈಲುಗಳು ಎಲ್ಲರಿಗೂ ಸೇರಿದ ಟೆಂಪ್ ಫೋಲ್ಡರಿನಲ್ಲಿ ಸಾಲಾಗಿ ಬಿದ್ದಿರುತ್ತಿದ್ದವು. ಅದರಲ್ಲಿ ಒಂದರ ಹೆಸರು ತಿಳಿದರೆ ಪಾಸ್‌ವರ್ಡೇ ಇಲ್ಲದೆ ಬೇರೆಯವರಾಗಿ ಒಳಗೆ ಹೋಗಬಹುದಿತ್ತು.

ಇದು ಬರೀ ಊಹೆಯಲ್ಲ ಎಂದು ತೋರಿಸಿದ್ದು 2004ರ ಡಿಸೆಂಬರ್. ಚರ್ಚಾ ವೇದಿಕೆಗಳಿಗೆ ಬಳಸುತ್ತಿದ್ದ ಪಿಎಚ್‌ಪಿಬಿಬಿ ಎಂಬ ಉಚಿತ ತಂತ್ರಾಂಶದಲ್ಲಿ, ಹುಡುಕಿದ ಪದವನ್ನು ಬಣ್ಣ ಬಳಿದು ತೋರಿಸುವ ಒಂದು ಸಣ್ಣ ಸೌಲಭ್ಯವಿತ್ತು. ಅದರಲ್ಲಿ ಹೊರಗಿನ ಆಜ್ಞೆಗಳನ್ನು ತೂರಿಸಬಹುದಾದ ಒಂದು ತಪ್ಪು. ತಿದ್ದಿದ ಆವೃತ್ತಿ ಆಗಲೇ ಬಂದಿತ್ತು, ಹಾಕಿಕೊಂಡವರು ಕಡಿಮೆ. ‘ಸ್ಯಾಂಟಿ’ ಎಂಬ ವರ್ಮ್ ಬಂತು. ತನ್ನ ಬೇಟೆಯನ್ನು ಅದು ಗೂಗಲ್‌ನಲ್ಲೇ ಹುಡುಕಿಕೊಳ್ಳುತ್ತಿತ್ತು. ಒಳಗೆ ನುಗ್ಗಿದ ಮೇಲೆ ಯಂತ್ರದಲ್ಲಿ ಬರೆಯಲು ಸಾಧ್ಯವಿದ್ದ ವೆಬ್ ಪುಟಗಳನ್ನೆಲ್ಲ ಅಳಿಸಿ ತನ್ನ ಘೋಷಣೆ ಬರೆಯುತ್ತಿತ್ತು. ಹತ್ತಾರು ಸಾವಿರ ಸೈಟುಗಳು ಹಾಳಾದವು. ಗೂಗಲ್ ಆ ಹುಡುಕಾಟವನ್ನೇ ತಡೆದಾಗ ವರ್ಮ್‌ನ ಓಟ ನಿಂತಿತು. ಪಿಎಚ್‌ಪಿಬಿಬಿಯ ಹೆಸರನ್ನೇ ಕೇಳಿರದವರ ಪುಟವೂ, 777 ಇದ್ದ ಒಂದೇ ತಪ್ಪಿಗೆ, ಪಕ್ಕದವರ ಪಾಪದಿಂದ ಅಳಿಸಿಹೋಗಬಹುದಿತ್ತು.

ಪಿಎಚ್‌ಪಿ ಮಾಡಿದವರಿಗೆ ಈ ತೊಂದರೆ ಗೊತ್ತಿರಲಿಲ್ಲ ಎಂದಲ್ಲ. ಸೇಫ್ ಮೋಡ್ ಎಂಬ ಒಂದು ಸ್ವಿಚ್ ಕೊಟ್ಟಿದ್ದರು. ಸ್ಕ್ರಿಪ್ಟಿನ ಒಡೆಯನೂ ಅದು ತೆರೆಯಹೊರಟ ಫೈಲಿನ ಒಡೆಯನೂ ಒಬ್ಬನೇ ಹೌದೇ ಎಂದು ಪಿಎಚ್‌ಪಿ ತಾನೇ ನೋಡುತ್ತಿತ್ತು. ಮೆಚ್ಚಬೇಕಾದ್ದು ಅವರ ಕೈಪಿಡಿಯ ಪ್ರಾಮಾಣಿಕತೆ: ಈ ಸಮಸ್ಯೆಯನ್ನು ಪಿಎಚ್‌ಪಿಯ ಮಟ್ಟದಲ್ಲಿ ಬಗೆಹರಿಸಹೋಗುವುದೇ ತಪ್ಪು, ಬೇರೆ ದಾರಿ ಕಾಣದ್ದರಿಂದ ಹೋಸ್ಟಿಂಗ್‌ನವರು ಸದ್ಯಕ್ಕೆ ಬಳಸುತ್ತಾರೆ ಎಂದು ಅದರಲ್ಲೇ ಬರೆದಿತ್ತು. 2012ರಲ್ಲಿ ಬಂದ ಪಿಎಚ್‌ಪಿ 5.4ರಲ್ಲಿ ಸೇಫ್ ಮೋಡನ್ನು ತೆಗೆದೇ ಹಾಕಿದರು. ಇಂದಿಗೂ ಕೆಲವು ಹೋಸ್ಟಿಂಗ್ ಕಂಪನಿಗಳು ಅದೇ ಜಾಡಿನಲ್ಲಿ, ಎಕ್ಸೆಕ್, ಸಿಸ್ಟಮ್, ಪಾಸ್‌ತ್ರೂ ಮುಂತಾದ ಫಂಕ್ಷನ್‌ಗಳನ್ನು ನಿಷೇಧಿಸಿ ನಿಶ್ಚಿಂತರಾಗುತ್ತವೆ. ನಿಷೇಧಿಸುವುದು ಒಳ್ಳೆಯದೇ. ಆದರೆ ಇಮೇಲ್ ಕಳಿಸುವ ಮೇಲ್ ಫಂಕ್ಷನ್ನನ್ನು ಸಾಮಾನ್ಯವಾಗಿ ಯಾರೂ ನಿಷೇಧಿಸುವುದಿಲ್ಲ. ಅದು ಹಿಂದುಗಡೆ ಸೆಂಡ್‌ಮೇಲ್ ಎಂಬ ಬೇರೊಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಆ ಪ್ರೋಗ್ರಾಮ್ ಏಳುವಾಗ ತಮ್ಮದೊಂದು ಲೈಬ್ರರಿಯನ್ನು ಜೊತೆಗೆ ಲೋಡ್ ಆಗುವಂತೆ ಮಾಡಿ, ನಿಷೇಧವನ್ನು ಸುತ್ತಿಹಾಕಿ ದಾಟುವ ಉಪಾಯ ಬಹಳ ಹಿಂದೆಯೇ ಬಹಿರಂಗವಾಗಿದೆ. ಬೇಲಿಯನ್ನು ಭಾಷೆಯೊಳಗೆ ಹಾಕಿದರೆ ಹೀಗೇ ಆಗುತ್ತದೆ.

ಬೇಲಿ ಬೇಕಾದ್ದು ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಒಬ್ಬ ಗ್ರಾಹಕನ ಕೋಡ್ ಆ ಗ್ರಾಹಕನ ಹೆಸರಿನಲ್ಲೇ ಓಡಬೇಕು, ನೋಬಡಿಯ ಹೆಸರಿನಲ್ಲಲ್ಲ. ಅಪಾಚೆಯಲ್ಲಿ ಇದಕ್ಕೆ ಸುಎಕ್ಸೆಕ್ ಎಂಬ ಸೌಲಭ್ಯ 1997ರಿಂದಲೇ ಇದೆ. ಆಮೇಲೆ ಸುಪಿಎಚ್‌ಪಿ ಬಂತು. 2010ರಲ್ಲಿ ಪಿಎಚ್‌ಪಿ-ಎಫ್‌ಪಿಎಂ ಎಂಬುದು ಪಿಎಚ್‌ಪಿಯ ಜೊತೆಗೇ ಸೇರಿತು. ಎಫ್‌ಪಿಎಂನಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಅವನದೇ ಪ್ರೋಸೆಸ್‌ಗಳ ಒಂದು ಗುಂಪು. ಈಗ ಕಾನ್ಫಿಗ್ ಫೈಲಿಗೆ 600 ಕೊಡಬಹುದು: ಒಡೆಯ ಮಾತ್ರ ಓದಬೇಕು, ಬರೆಯಬೇಕು, ಉಳಿದವರಿಗೆ ಸೊನ್ನೆ. ಫೋಟೋ ಏರಿಸಲು ಯಾರಿಗೂ 777 ಬೇಡ.

ಬದಲಾಯಿಸಿದಾಗ ಏನಾಯಿತು ಎಂದು ಕೇಳಬೇಕು ನೀವು. ಸುಪಿಎಚ್‌ಪಿ ಎಷ್ಟು ಕಟ್ಟುನಿಟ್ಟು ಎಂದರೆ 777 ಇರುವ ಸ್ಕ್ರಿಪ್ಟನ್ನು ಅದು ಓಡಿಸುವುದೇ ಇಲ್ಲ, 500 ಎಂಬ ಎರರ್ ಎಸೆದು ಸುಮ್ಮನಾಗುತ್ತದೆ. ನಿನ್ನೆಯವರೆಗೆ 777 ಇಲ್ಲದಿದ್ದರೆ ನಡೆಯುತ್ತಿರಲಿಲ್ಲ, ಇವತ್ತಿನಿಂದ 777 ಇದ್ದರೆ ನಡೆಯುವುದಿಲ್ಲ. “ಮೇಡಂ, ನಾವೇನೂ ಮುಟ್ಟಿಲ್ಲ, ನಿಮ್ಮ ಸರ್ವರೇ ಕೆಟ್ಟಿದೆ” ಎಂದು ಫೋನು ಮಾಡಿದ ಪ್ರತಿಯೊಬ್ಬರ ಮಾತೂ ಅಕ್ಷರಶಃ ನಿಜವಾಗಿತ್ತು. ಅವರು ಏನೂ ಮುಟ್ಟಿರಲಿಲ್ಲ.

ಇದರಲ್ಲಿ ಒಂದು ನಷ್ಟವೂ ಇದೆ, ಹೋಸ್ಟಿಂಗ್ ಜಾಹೀರಾತುಗಳು ಅದನ್ನು ಹೇಳುವುದಿಲ್ಲ. ಮೊದಲು ನೋಬಡಿಗೆ ಗ್ರಾಹಕನ ಎಷ್ಟೋ ಫೈಲುಗಳನ್ನು ತಿದ್ದಲು ಆಗುತ್ತಿರಲಿಲ್ಲ. ಈಗ ಸೈಟಿಗೆ ನುಗ್ಗಿದವನಿಗೆ ಗ್ರಾಹಕನ ಪೂರ್ತಿ ಹಕ್ಕೇ ಸಿಗುತ್ತದೆ. ಆ ಖಾತೆಯಲ್ಲಿರುವುದೆಲ್ಲ ಅವನದು. ಪಕ್ಕದವರನ್ನು ಉಳಿಸಲು ಆ ಒಬ್ಬನನ್ನು ಇನ್ನಷ್ಟು ಬಯಲಿಗೆ ನಿಲ್ಲಿಸಿದ ಹಾಗಾಯಿತು. ನನ್ನ ಪ್ರಕಾರ ಇದು ಸರಿಯಾದ ವ್ಯಾಪಾರವೇ. ಯಾರ ಮನೆ ಕೋಡ್ ಕೆಟ್ಟಿದೆಯೋ ನಷ್ಟ ಅವರಲ್ಲೇ ನಿಲ್ಲಬೇಕು.

ಪೂರ್ತಿ ನಿಲ್ಲುವುದೂ ಇಲ್ಲ. ಸಿಮ್‌ಲಿಂಕ್ ಎಂಬುದೊಂದಿದೆ: ಬೇರೆಲ್ಲೋ ಇರುವ ಫೈಲಿನ ಕಡೆಗೆ ಬೆರಳು ತೋರಿಸುವ ಫೈಲು. ತೂತಾದ ಖಾತೆಯಲ್ಲಿ ಕೂತವನು ಪಕ್ಕದವರು 600 ಕೊಡದೆ ಬಿಟ್ಟ ಕಾನ್ಫಿಗ್ ಫೈಲಿಗೆ ಒಂದು ಸಿಮ್‌ಲಿಂಕ್ ಮಾಡಿ, ಅದಕ್ಕೆ ಟಿಎಕ್ಸ್‌ಟಿ ಎಂದು ಹೆಸರಿಟ್ಟು, ಬ್ರೌಸರಿನಲ್ಲಿ ಕೇಳುತ್ತಾನೆ. ಪಿಎಚ್‌ಪಿಗೆ ಓದಲಾಗದ್ದನ್ನು, ಎಲ್ಲರ ಪುಟಗಳನ್ನೂ ಓದುವ ಹಕ್ಕಿರುವ ಅಪಾಚೆ ತಾನೇ ಓದಿ ಕೈಗೆ ಕೊಡುತ್ತದೆ. ಲಿಂಕಿನ ಒಡೆಯನೂ ಫೈಲಿನ ಒಡೆಯನೂ ಒಬ್ಬನೇ ಆಗಿದ್ದರೆ ಮಾತ್ರ ಕೊಡು ಎಂದು ಅಪಾಚೆಗೆ ಹೇಳಬಹುದು. ಆದರೆ ಅದು ಪರೀಕ್ಷಿಸುವ ಕ್ಷಣಕ್ಕೂ ತೆರೆಯುವ ಕ್ಷಣಕ್ಕೂ ನಡುವೆ ಚೂರು ಅಂತರವಿದೆ. ಆ ಅಂತರದಲ್ಲಿ ಲಿಂಕನ್ನು ಬದಲಿಸಿಬಿಡುವವರಿದ್ದಾರೆ. ಇದಕ್ಕೆ ಭದ್ರವಾದ ಮದ್ದು ಇರುವುದು ಕರ್ನೆಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ.

ಅದಕ್ಕಿಂತ ಮುಂದೆ ಹೋದ ಯೋಚನೆ, ಪಕ್ಕದವರು ಇದ್ದಾರೆ ಎಂಬುದೇ ಕಾಣದಂತೆ ಮಾಡುವುದು. ಒಂದು ಪ್ರೋಗ್ರಾಮಿಗೆ ಇಡೀ ಡಿಸ್ಕಿನ ಬದಲು ಒಂದು ಫೋಲ್ಡರನ್ನೇ ಜಗತ್ತೆಂದು ನಂಬಿಸುವ ಕ್ರೂಟ್ ಯೂನಿಕ್ಸ್‌ಗೆ 1979ರಲ್ಲೇ ಬಂದಿತ್ತು. ಭದ್ರತೆಗೆಂದು ಮಾಡಿದ್ದಲ್ಲವಾದ್ದರಿಂದ ಅದರಿಂದ ಹೊರಬರುವ ದಾರಿಗಳಿದ್ದವು. 2000ದಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ 4.0ನೇ ಆವೃತ್ತಿಯಲ್ಲಿ ಡೆನ್ಮಾರ್ಕಿನ ಪೌಲ್-ಹೆನಿಂಗ್ ಕಾಂಪ್ ಬರೆದ ‘ಜೈಲ್’ ಬಂತು. ಅದನ್ನು ಬರೆಸಿದ್ದು ಯಾವ ದೊಡ್ಡ ಬ್ಯಾಂಕೂ ಅಲ್ಲ, ರಕ್ಷಣಾ ಇಲಾಖೆಯೂ ಅಲ್ಲ. ತನ್ನ ಗ್ರಾಹಕರನ್ನು ಒಬ್ಬರಿಂದೊಬ್ಬರನ್ನು ಬೇರೆ ಇಡಲು ಪರದಾಡುತ್ತಿದ್ದ ಒಂದು ಪುಟ್ಟ ಹೋಸ್ಟಿಂಗ್ ಕಂಪನಿ. ಈಗ ಊರೆಲ್ಲ ಕಂಟೇನರ್ ಎನ್ನುತ್ತದಲ್ಲ, ಅದರ ಹಿರೀಕರಲ್ಲಿ ನಮ್ಮ ಬಡ ವೃತ್ತಿಯದ್ದೂ ಒಂದು ಹೆಸರಿದೆ ಎಂದು ನನಗೆ ಸ್ವಲ್ಪ ಜಂಬ. ಲಿನಕ್ಸ್‌ನಲ್ಲಿ ಗೂಗಲ್‌ನ ಎಂಜಿನಿಯರುಗಳು ಶುರು ಮಾಡಿದ ಸಿಗ್ರೂಪ್ 2008ರಲ್ಲಿ ಕರ್ನೆಲ್‌ಗೆ ಸೇರಿತು. ಯಾರಿಗೆ ಎಷ್ಟು ಸಿಪಿಯು, ಎಷ್ಟು ಮೆಮೊರಿ, ಎಷ್ಟು ಪ್ರೋಸೆಸ್ ಎಂದು ಮಿತಿ ಹಾಕುವ ವ್ಯವಸ್ಥೆ ಅದು. 2009ರಲ್ಲಿ ಶುರುವಾದ ಕ್ಲೌಡ್‌ಲಿನಕ್ಸ್ ಎಂಬ ಕಂಪನಿ ಶೇರ್ಡ್ ಹೋಸ್ಟಿಂಗ್‌ಗೆಂದೇ ಇವನ್ನೆಲ್ಲ ಸೇರಿಸಿ ಮಾರುತ್ತದೆ. ಅದರ ಕೇಜ್‌ಎಫ್‌ಎಸ್‌ನೊಳಗೆ ಒಬ್ಬ ಗ್ರಾಹಕನಿಗೆ ಉಳಿದವರ ಖಾತೆಯ ಹೆಸರೂ ಕಾಣದು. ಒಬ್ಬರ ಸೈಟಿನಲ್ಲಿ ಕೆಟ್ಟ ಕ್ವೆರಿ ಸಿಕ್ಕಿಕೊಂಡು ಸುತ್ತಿದರೆ ನಿಧಾನವಾಗುವುದು ಅವರ ಸೈಟು ಮಾತ್ರ.

ಇಷ್ಟೆಲ್ಲ ಗೋಡೆ ಕಟ್ಟಿದ ಮೇಲೂ ಒಬ್ಬ ಬಡಪಾಯಿ ಗ್ರಾಹಕನ ಸೈಟಿಗೆ ನುಗ್ಗುವುದು ಹೇಗೆ? ನನಗೆ ಅಚ್ಚುಮೆಚ್ಚಿನ ಉದಾಹರಣೆ 2011ರ ಟಿಮ್‌ಥಂಬ್. ಫೋಟೋಗಳನ್ನು ಚಿಕ್ಕದು ಮಾಡುವ ಒಂದೇ ಒಂದು ಪಿಎಚ್‌ಪಿ ಫೈಲು ಅದು. ಎಷ್ಟೋ ವರ್ಡ್‌ಪ್ರೆಸ್ ಥೀಮ್‌ಗಳ ಒಳಗೆ ಸೇರಿಕೊಂಡಿತ್ತು. ಹೊರಗಿನ ಸೈಟುಗಳಿಂದಲೂ ಫೋಟೋ ತರಿಸಿಕೊಳ್ಳಬಲ್ಲದು, ಆದರೆ ಫ್ಲಿಕರ್, ಬ್ಲಾಗರ್‌ನಂತಹ ನಂಬಿಕಸ್ಥ ವಿಳಾಸಗಳಿಂದ ಮಾತ್ರ. ಆ ಪರೀಕ್ಷೆಯನ್ನು ಹೇಗೆ ಮಾಡುತ್ತಿತ್ತು ನೋಡಿ: ವಿಳಾಸದಲ್ಲಿ ಬ್ಲಾಗರ್ ಡಾಟ್ ಕಾಮ್ ಎಂಬ ಅಕ್ಷರಗಳು ಎಲ್ಲಾದರೂ ಇವೆಯೇ ಎಂದಷ್ಟೇ. ಬ್ಲಾಗರ್ ಡಾಟ್ ಕಾಮ್ ಡಾಟ್ ಕಳ್ಳನಸೈಟ್ ಡಾಟ್ ಕಾಮ್ ಎಂದು ಬರೆದರೂ ಪಾಸು. ತಂದ ಫೈಲನ್ನು ಯಾರು ಬೇಕಾದರೂ ಬ್ರೌಸರಿನಲ್ಲಿ ತೆರೆಯಬಹುದಾದ ಕ್ಯಾಶ್ ಫೋಲ್ಡರಿನಲ್ಲಿ ಇಡುತ್ತಿತ್ತು. ಫೋಟೋ ಎಂದು ಪಿಎಚ್‌ಪಿ ಫೈಲನ್ನೇ ಕಳಿಸಿ, ಆಮೇಲೆ ಅದನ್ನು ತೆರೆದರೆ ಮುಗಿಯಿತು, ಸೈಟು ಕಳ್ಳನ ಕೈಗೆ. ಇದನ್ನು ಕಂಡುಹಿಡಿದ ಮಾರ್ಕ್ ಮೌಂಡರ್ ಅವರಿಗೆ ಅದು ಸಿಕ್ಕಿದ್ದು ಅವರ ಸೈಟಿಗೇ ಯಾರೋ ನುಗ್ಗಿದ್ದರಿಂದ. ಈಗ ವರ್ಡ್‌ಪ್ರೆಸ್ ಭದ್ರತೆಗೆ ಹೆಸರಾದ ವರ್ಡ್‌ಫೆನ್ಸ್ ಕಂಪನಿ ಕಟ್ಟಿದವರು ಅವರೇ.

ಇಲ್ಲಿ ಗ್ರಾಹಕನ ತಪ್ಪೇನು? ಅವನು ಟಿಮ್‌ಥಂಬ್ ಹಾಕಿಕೊಂಡಿರಲೇ ಇಲ್ಲ, ಚೆಂದ ಕಂಡ ಒಂದು ಥೀಮ್ ಹಾಕಿಕೊಂಡಿದ್ದ. ಅಪ್‌ಡೇಟ್ ಮಾಡಿ ಎಂದು ಮೇಲ್ ಕಳಿಸಿದರೆ ಯಾವುದನ್ನು ಎಂದು ಅವನಿಗೆ ತಿಳಿಯದು. ಆದರೆ ನಮ್ಮ ಕೈಯಲ್ಲಿ ಒಂದು ಸಾಲಿನ ಆಜ್ಞೆಯಿದೆ. ಯಂತ್ರದಲ್ಲಿರುವ ಎಲ್ಲ ಖಾತೆಗಳಲ್ಲೂ ಆ ಹೆಸರಿನ ಫೈಲು ಎಲ್ಲಿದೆ ಎಂದು ಹುಡುಕಿ ಕೊಡುತ್ತದೆ. ಅಪ್‌ಲೋಡ್ ಮತ್ತು ಕ್ಯಾಶ್ ಫೋಲ್ಡರುಗಳಲ್ಲಿ ಪಿಎಚ್‌ಪಿ ಓಡಲೇಬಾರದು ಎಂದು ಸರ್ವರಿನಲ್ಲಿ ಒಂದು ನಿಯಮ ಬರೆದರೆ ಇಂತಹ ಫೈಲು ಬಂದು ಬಿದ್ದರೂ ಸತ್ತ ಹಾಗೆ. ಫೋಟೋಗಳ ನಡುವೆ ಪಿಎಚ್‌ಪಿಗೆ ಏನು ಕೆಲಸ?

ನುಗ್ಗಿದವರು ಸಾಮಾನ್ಯವಾಗಿ ಮಾಡುವುದೇನು ಎಂದರೆ ಜನ ಸಿನಿಮಾದ ಹ್ಯಾಕರ್‌ಗಳನ್ನು ನೆನೆಯುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಸ್ಪ್ಯಾಮ್ ಕಳಿಸುತ್ತಾರೆ, ಅಷ್ಟೇ. ಹೊಡೆತ ಬೀಳುವುದು ಎಲ್ಲರಿಗೂ. ಸರ್ವರಿನ ಐಪಿ ವಿಳಾಸ ಒಂದೇ ಆದ್ದರಿಂದ ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳ ಕಪ್ಪುಪಟ್ಟಿಗೆ ಅದು ಸೇರಿದರೆ ಆಡಿಟರ್ ಆಫೀಸಿನಿಂದ ಹೊರಟ ಮೇಲೂ ವಾಪಸು ಬರುತ್ತದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ ಹಾಗಾದರೆ ಫೋನಿನ ಆ ಕಡೆಯ ಮಾತನ್ನು ನಾನು ಇಲ್ಲಿ ಬರೆಯಲಾರೆ.

ಒಮ್ಮೆ ಹೀಗೇ ಸ್ಪ್ಯಾಮ್ ಕಳಿಸುತ್ತಿದ್ದ ಒಂದು ಕಲ್ಯಾಣ ಮಂಟಪದ ಸೈಟನ್ನು ನಿಲ್ಲಿಸಿದ್ದೆ. ಮಾಲೀಕರು ಫೋನ್ ಮಾಡಿದರು.

“ಏನಮ್ಮಾ, ದುಡ್ಡು ಕಟ್ಟಿದೀವಲ್ಲ? ಯಾಕೆ ನಿಲ್ಸಿದ್ರಿ?”

“ದುಡ್ಡಿನ ಪ್ರಶ್ನೆ ಅಲ್ಲ ಸಾರ್. ನಿಮ್ಮ ಸೈಟಿಂದ ರಾತ್ರಿಯಿಡೀ ಮೇಲ್ ಹೋಗ್ತಾ ಇದೆ. ಔಷಧಿ ಮಾರೋ ಮೇಲು.”

“ನಮ್ಮದು ಛತ್ರ ಕಣಮ್ಮಾ. ನಾವ್ಯಾಕೆ ಔಷಧಿ ಮಾರೋಣ?”

“ನೀವಲ್ಲ ಸಾರ್, ಯಾರೋ ಒಳಗೆ ಸೇರ್ಕೊಂಡಿದಾರೆ. ಸೈಟ್ ಮಾಡಿದವರ ನಂಬರ್ ಇದ್ರೆ ಕೊಡಿ.”

“ಆ ಹುಡ್ಗ ಕೆನಡಾಕ್ಕೆ ಹೋಗಿ ಯಾವ ಕಾಲ ಆಯ್ತು. ಈಗ ಲಗ್ನದ ಸೀಸನ್, ಬುಕಿಂಗ್ ಎಲ್ಲಾ ಅದ್ರಲ್ಲೇ ಬರೋದು. ನೀವೇ ಏನಾದ್ರೂ ಮಾಡಿ.”

‘ನೀವೇ ಏನಾದ್ರೂ ಮಾಡಿ’ ಎಂಬುದು ಕರಾರಿನ ಯಾವ ಕಲಮಿನಲ್ಲೂ ಇಲ್ಲ. ಗ್ರಾಹಕರ ಕೋಡ್ ಗ್ರಾಹಕರದ್ದು, ನಾವು ಮುಟ್ಟುವಂತಿಲ್ಲ. ಆದರೂ ಅವರ ಒಪ್ಪಿಗೆಯನ್ನು ಮೇಲ್‌ನಲ್ಲಿ ತರಿಸಿಕೊಂಡು ನೋಡಿದೆ. ಬಳಸದೆ ಬಿಟ್ಟ ಒಂದು ಗ್ಯಾಲರಿ ಪ್ಲಗಿನ್‌ನ ಫೋಲ್ಡರಿನಲ್ಲಿ, ನೋಡಿದರೆ ಅರ್ಥವಾಗದಂತೆ ಸಂಕೇತದಲ್ಲಿ ಸುತ್ತಿಟ್ಟ ಒಂದು ಫೈಲಿತ್ತು. ಪಿಎಚ್‌ಪಿ 5.3ರಿಂದ, ಕಳಿಸಿದ ಪ್ರತಿ ಮೇಲಿನ ತಲೆಬರಹದಲ್ಲಿ ಅದನ್ನು ಕಳಿಸಿದ ಸ್ಕ್ರಿಪ್ಟಿನ ಹೆಸರನ್ನು ಸೇರಿಸುವ ಸೌಲಭ್ಯವಿದೆ. ಅದನ್ನು ಹಾಕಿಟ್ಟಿದ್ದರಿಂದ ಹುಡುಕಾಟ ಬೇಗ ಮುಗಿಯಿತು. ಇಡೀ ಸೈಟನ್ನು ನಿಲ್ಲಿಸುವ ಬದಲು ಮೇಲನ್ನು ಮಾತ್ರ ನಿಲ್ಲಿಸಿ, ಬುಕಿಂಗ್ ಪುಟವನ್ನು ಮೊದಲು ತೆರೆದುಕೊಟ್ಟೆ. ಈಗ ನಮ್ಮಲ್ಲಿ ಪ್ರತಿ ಖಾತೆಗೂ ಗಂಟೆಗೆ ಇಂತಿಷ್ಟೇ ಮೇಲ್ ಎಂಬ ಮಿತಿಯಿದೆ. ಗ್ರಾಹಕರ ಪ್ರೋಗ್ರಾಮುಗಳು ಹೊರಗಿನ ಯಂತ್ರಗಳ 25ನೇ ಪೋರ್ಟಿನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ, ನಮ್ಮ ಮೇಲ್ ಸರ್ವರಿನ ಮೂಲಕವೇ ಹೋಗಬೇಕು. ಎಲ್ಲರೂ ನೋಬಡಿಯಾಗಿದ್ದ ಕಾಲದಲ್ಲಿ ಯಾರನ್ನು ತಡೆಯಬೇಕು ಎಂದೇ ಫೈರ್‌ವಾಲಿಗೆ ಹೇಳಲು ಆಗುತ್ತಿರಲಿಲ್ಲ.

ಇನ್ನು ಮಾಡ್‌ಸೆಕ್ಯುರಿಟಿ. ಸೈಟಿಗೆ ಬರುವ ಪ್ರತಿ ಬೇಡಿಕೆಯನ್ನೂ ಓದಿ, ದಾಳಿಯಂತೆ ಕಂಡರೆ ಗ್ರಾಹಕರ ಕೋಡ್ ಮುಟ್ಟುವ ಮೊದಲೇ ತಡೆಯುವ ತಂತ್ರಾಂಶ. ಇವಾನ್ ರಿಸ್ಟಿಚ್ 2002ರಲ್ಲಿ ಹೊರತಂದದ್ದು. ಅದಕ್ಕೆ ಬೇಕಾದ ನಿಯಮಗಳ ಒಂದು ದೊಡ್ಡ ಕಂತೆಯನ್ನು ಓವಾಸ್ಪ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಅನುಮಾನದ ನಾಲ್ಕು ಮಟ್ಟಗಳಿವೆ. ಹೆಚ್ಚು ಅನುಮಾನ ಹೆಚ್ಚು ಭದ್ರತೆ ಎಂದುಕೊಂಡು ಮೂರನೇ ಮಟ್ಟಕ್ಕೆ ಏರಿಸಿದರೆ ಏನಾಗುತ್ತದೆ ಗೊತ್ತೇ? ಇಂಗ್ಲಿಷ್ ಕೀಲಿಮಣೆಯಲ್ಲಿ ಇರುವ ಅಕ್ಷರ, ಚಿಹ್ನೆಗಳಿಗಿಂತ ಬೇರೆ ಏನೇ ಬಂದರೂ ಅನುಮಾನ ಎಂಬ ನಿಯಮ ಜಾರಿಯಾಗುತ್ತದೆ. ಕನ್ನಡದ ಒಂದೊಂದು ಅಕ್ಷರವೂ ಯುಟಿಎಫ್-8ರಲ್ಲಿ ಕಡಿಮೆಯೆಂದರೂ ಮೂರು ಬೈಟು; ಎಲ್ಲವೂ 127ಕ್ಕಿಂತ ಮೇಲಿನವು. ‘ನಮಸ್ಕಾರ’ ಎಂದು ಟೈಪಿಸಿದವರು ಆ ನಿಯಮದ ಕಣ್ಣಿಗೆ ಕಳ್ಳರು. ಕನ್ನಡದಲ್ಲಿ ಕಥೆ ಹಾಕುವ ಸೈಟು, ಕನ್ನಡದಲ್ಲಿ ವಿಳಾಸ ತುಂಬುವ ಫಾರಂ ಎಲ್ಲವೂ ನಿಂತುಹೋಗುತ್ತವೆ. ನಿಯಮ ಬರೆದವರು ಇದನ್ನು ಮೊದಲನೇ ಮಟ್ಟದಲ್ಲಿ ಇಟ್ಟಿಲ್ಲ, ಅವರನ್ನು ದೂರಲಾಗದು. ಕಣ್ಣುಮುಚ್ಚಿ ಏರಿಸುವವರ ಬಗ್ಗೆ ನನ್ನ ದೂರು. ನಾನು ಮೊದಲ ಮಟ್ಟದಲ್ಲಿ ಇಟ್ಟು, ಬೇಕಾದ ಕಡೆ ಒಂದೊಂದೇ ನಿಯಮ ಸೇರಿಸುತ್ತೇನೆ. ಹೊಸ ನಿಯಮವನ್ನು ಮೊದಲು ತಡೆಯಲು ಬಿಡದೆ, ಬರೀ ಲಾಗ್ ಬರೆಯಲು ಬಿಟ್ಟು, ಅದರಲ್ಲಿ ಕನ್ನಡದವರು ಸಿಕ್ಕಿಬಿದ್ದಿದ್ದಾರೆಯೇ ಎಂದು ನೋಡುತ್ತೇನೆ.

ಮಾಡ್‌ಸೆಕ್ಯುರಿಟಿ ಯಾಕೆ ಬೇಕು ಎಂಬುದಕ್ಕೆ 2014ರ ಅಕ್ಟೋಬರ್ 15 ಒಂದೇ ಸಾಕು. ಡ್ರೂಪಲ್ ಎಂಬ ತಂತ್ರಾಂಶದಲ್ಲಿ, ಲಾಗಿನ್ ಇಲ್ಲದೆಯೇ ಡೇಟಾಬೇಸಿಗೆ ಆಜ್ಞೆ ಕೊಡಬಹುದಾದ ದೋಷವಿದೆ ಎಂದು ಅಂದು ಪ್ರಕಟಿಸಿ ತಿದ್ದುಪಡಿ ಕೊಟ್ಟರು. ಎರಡು ವಾರದ ನಂತರ ಅವರದೇ ಭದ್ರತಾ ತಂಡ ಇನ್ನೊಂದು ಪ್ರಕಟಣೆ ಹೊರಡಿಸಿತು: ಪ್ರಕಟವಾದ ಏಳು ಗಂಟೆಯೊಳಗೆ ತಿದ್ದಿಕೊಳ್ಳದ ಪ್ರತಿ ಸೈಟೂ ಕಳ್ಳರ ಕೈಸೇರಿದೆ ಎಂದೇ ತಿಳಿಯಿರಿ. ಆ ಏಳು ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಹೋಂಸ್ಟೇ ನಡೆಸುವವರು ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಮೊದಲೇ ಗಡುವು ಮುಗಿದಿತ್ತು. ಗ್ರಾಹಕರು ಎಚ್ಚರದಿಂದಿರಬೇಕು ಎಂದು ಉಪದೇಶಿಸುವವರು ಈ ಲೆಕ್ಕಕ್ಕೆ ಏನು ಹೇಳುತ್ತಾರೋ. ಎಲ್ಲ ಸೈಟುಗಳ ಮುಂದೆಯೂ ಒಂದು ತಡೆ ನಿಯಮ ಹಾಕಲು ರಾತ್ರಿಪಾಳಿಯ ಒಬ್ಬ ಅಡ್ಮಿನ್‌ಗೆ ಮಾತ್ರ ಸಾಧ್ಯ. ವರ್ಡ್‌ಪ್ರೆಸ್‌ನವರು ಇದರ ಹಿಂದಿನ ವರ್ಷವೇ, 3.7ನೇ ಆವೃತ್ತಿಯಿಂದ, ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬಂದು ಸೇರುವಂತೆ ಮಾಡಿದರು. ಯಾರನ್ನೂ ಕೇಳದೆ ನಮ್ಮ ಸೈಟು ಮುಟ್ಟುತ್ತೀರಾ ಎಂದು ಆಗ ಕೂಗಾಡಿದವರಿದ್ದರು. ನಾನು ಆ ಪಕ್ಷದವಳಲ್ಲ.

ನಮ್ಮ ಗೋಡೆಗಳೂ ಶಾಶ್ವತವಲ್ಲ. ಎಲ್ಲ ಗ್ರಾಹಕರಿಗೂ ಕರ್ನೆಲ್ ಒಂದೇ. 2016ರಲ್ಲಿ ಡರ್ಟಿ ಕೌ ಎಂಬ ದೋಷ ಹೊರಬಿತ್ತು. 2007ರಿಂದಲೂ ಲಿನಕ್ಸ್ ಕರ್ನೆಲ್‌ನಲ್ಲಿ ಅಡಗಿದ್ದ ಅದು ಸಾಮಾನ್ಯ ಬಳಕೆದಾರನನ್ನು ಯಂತ್ರದ ಸರ್ವಾಧಿಕಾರಿಯನ್ನಾಗಿ ಮಾಡಿಬಿಡುತ್ತಿತ್ತು. ಅಂತಹ ದಿನ ಕರ್ನೆಲ್ ಬದಲಿಸಿ, ಎಲ್ಲರ ಸೈಟನ್ನೂ ಕೆಲ ನಿಮಿಷ ನಿಲ್ಲಿಸಿ, ಬೈಸಿಕೊಳ್ಳುವುದೇ ಸರಿ. ಯಂತ್ರ ನಿಲ್ಲಿಸದೆ ಕರ್ನೆಲ್‌ಗೆ ತೇಪೆ ಹಾಕುವ ಸೇವೆಗಳೂ ಈಗ ಇವೆ, ದುಡ್ಡು ಕೊಡಬೇಕು. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ನಂತರ, ನುಸುಳಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು. ಲಾಗ್ ಎಲ್ಲ ಖಾತೆಗಳಿಗೂ ಬೇರೆ ಬೇರೆಯಾಗಿ ಇಲ್ಲದ ಯಂತ್ರದಲ್ಲಿ ಆರು ಗಂಟೆಯಲ್ಲಿ ಯಾರ ಸೈಟಿನಿಂದ ಏನಾಯಿತು ಎಂದು ಹೇಳುವುದು ಹೇಗೋ ನನಗೆ ತಿಳಿಯದು.

ಬಗೆಹರಿಯದೆ ಉಳಿಯುವುದು ಹಳೆಯ ಪಿಎಚ್‌ಪಿ. 5.6ನೇ ಆವೃತ್ತಿಗೆ ಭದ್ರತಾ ತಿದ್ದುಪಡಿ ನಿಂತದ್ದು 2018ರ ಡಿಸೆಂಬರ್ 31ಕ್ಕೆ. ಆದರೆ ಅದರಲ್ಲೇ ಬರೆದ, ಹೊಸದರಲ್ಲಿ ಓಡದ ಲೆಕ್ಕದ ಪ್ರೋಗ್ರಾಮೊಂದನ್ನು ನಂಬಿಕೊಂಡ ಒಂದು ಸಹಕಾರ ಸಂಘ ನಮ್ಮ ಗ್ರಾಹಕರಲ್ಲಿದೆ. ಸದಸ್ಯರ ಸಾಲ, ಬಡ್ಡಿ ಎಲ್ಲ ಅದರಲ್ಲಿದೆ. ಹೊಸದಾಗಿ ಬರೆಸಲು ಸಂಘದ ಮಹಾಸಭೆ ಹಣ ಮಂಜೂರು ಮಾಡಬೇಕು, ಮಾಡಿಲ್ಲ. ಹೊರಗೆ ಕಳಿಸುವುದು ಸುಲಭ. ಕಳಿಸಿದರೆ ಅವರು ಇನ್ನೂ ಅಗ್ಗದ, ಏನನ್ನೂ ಕೇಳದ ಸರ್ವರಿಗೆ ಹೋಗುತ್ತಾರೆ, ಸದಸ್ಯರ ಲೆಕ್ಕವೂ ಜೊತೆಗೇ ಹೋಗುತ್ತದೆ. ಕೊನೆಗೆ ಅದನ್ನು ಶೇರ್ಡ್ ಯಂತ್ರದಿಂದ ಎತ್ತಿ ಒಂದು ಪುಟ್ಟ ವರ್ಚುವಲ್ ಯಂತ್ರಕ್ಕೆ ಹಾಕಿದೆ. ಸಂಘದ ಕಚೇರಿಯ ಇಂಟರ್ನೆಟ್ ಸಂಪರ್ಕದ ಐಪಿ ಬಿಟ್ಟರೆ ಬೇರೆಲ್ಲಿಂದಲೂ ಅದು ತೆರೆಯದು. ಬಾಡಿಗೆ ಸ್ವಲ್ಪ ಹೆಚ್ಚು, ಕೊಡುತ್ತಿದ್ದಾರೆ. ಭಾನುವಾರ ತುಮಕೂರಿನ ಮಗಳ ಮನೆಗೆ ಹೋದಾಗ ಲೆಕ್ಕ ನೋಡಲು ಆಗುವುದಿಲ್ಲ, ಏನೋ ಕೆಟ್ಟಿದೆ ಎಂದು ಕಾರ್ಯದರ್ಶಿಗಳು ಈಗಲೂ ಆಗಾಗ ಫೋನ್ ಮಾಡುತ್ತಾರೆ. ಕೆಟ್ಟಿಲ್ಲ ಸಾರ್, ಆಗಬಾರದು ಎಂದೇ ಹಾಗೆ ಮಾಡಿದ್ದೇನೆ ಎಂದು ನಾನೂ ಪ್ರತಿ ಸಲ ಹೇಳುತ್ತೇನೆ.